‘ಎಇಎಸ್’ ಎಂದಷ್ಟೇ ಬರೆದಿದ್ದೆ

ಗ್ರಾಹಕರ ಗುರುತಿನ ಸಂಖ್ಯೆಗಳನ್ನು ಡೇಟಾಬೇಸಿನಲ್ಲಿ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಮಾಡಿ, ಇಡುವ ಕೆಲಸ ನನ್ನ ಪಾಲಿಗೆ ಬಂದಾಗ, ಅರ್ಧ ದಿನದ ಮಾತು ಎಂದುಕೊಂಡಿದ್ದೆ. ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವೂ ಸಿದ್ಧವಾಗಿದೆಯಲ್ಲ! ಎನ್‌ಕ್ರಿಪ್ಟ್ ಮಾಡುವ ಸೈಫರ್ ಕ್ಲಾಸಿಗೆ ‘ಎಇಎಸ್’ ಎಂದು ವಿಧಾನದ ಹೆಸರನ್ನಷ್ಟೇ ಹೇಳಿ ಕೀಲಿ ಕೊಟ್ಟೆ. ಅಂಕಿಗಳು ಗುರುತು ಸಿಗದಂತಾದವು, ಪರೀಕ್ಷೆಗಳೂ ಪಾಸಾದವು.

ಕೆಲವು ವಾರಗಳ ಬಳಿಕ ಟೇಬಲ್ಲಿನ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದಾಗ ಒಂದೇ ಗೂಢಪಠ್ಯ ಎರಡು ಸಾಲುಗಳಲ್ಲಿ ಕಂಡಿತು. ಎರಡೂ ಒಬ್ಬರದೇ ದಾಖಲೆಗಳು. ಕೀಲಿಯೇ ಇಲ್ಲದೆ ಅಷ್ಟು ನನಗೆ ಗೊತ್ತಾಗಿಬಿಟ್ಟಿತ್ತು. ಎಇಎಸ್ ಬಳಸುವ ರೀತಿ, ಅಂದರೆ ಮೋಡ್, ಯಾವುದೆಂದು ಹೇಳದಿದ್ದರೆ ಜಾವಾದ ಜೊತೆಗೇ ಬರುವ ಎನ್‌ಕ್ರಿಪ್ಷನ್ ಲೈಬ್ರರಿ (ಪ್ರೊವೈಡರ್) ಇಸಿಬಿ ಎಂಬ ಮೋಡನ್ನು ಆರಿಸಿಕೊಳ್ಳುತ್ತದೆ. ಅದು 16 ಬೈಟ್‌ಗಳ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡುವುದರಿಂದ, ಒಂದೇ ತುಂಡಿಗೆ ಯಾವಾಗಲೂ ಒಂದೇ ಉತ್ತರ. ಇಂಥದ್ದನ್ನು ಮೌನವಾಗಿ ಒಪ್ಪಿಕೊಳ್ಳುವ ಬದಲು ಎರರ್ ಕೊಟ್ಟಿದ್ದರೆ ಸಾಕಿತ್ತು. ಬ್ರೌಸರಿನಲ್ಲಿ ಇದೇ ಕೆಲಸಕ್ಕಿರುವ ಆಬ್ಜೆಕ್ಟಿನ ಹೆಸರು ‘ಸಟಲ್’, ಅಂದರೆ ಸೂಕ್ಷ್ಮ. ಅಲ್ಲಿ ಹೆಸರೇ ಎಚ್ಚರಿಸುತ್ತದೆ; ಇಸಿಬಿಯಂತೂ ಅಲ್ಲಿ ಸಿಗುವುದೇ ಇಲ್ಲ.

ಜಿಸಿಎಂ ಎಂಬ ಮೋಡಿಗೆ ಬದಲಾಯಿಸಿದೆ. ಇದು ಗುಟ್ಟು ಕಾಯುವುದರ ಜೊತೆಗೆ, ಯಾರಾದರೂ ಗೂಢಪಠ್ಯವನ್ನು ತಿದ್ದಿದ್ದರೆ 16 ಬೈಟ್‌ಗಳ ಟ್ಯಾಗ್ ಎಂಬ ಮುದ್ರೆಯ ಮೂಲಕ ಹಿಡಿದುಕೊಡುತ್ತದೆ. ಬದಲಿಗೆ ಪ್ರತಿ ಸಲವೂ ಹೊಸ ನಾನ್ಸ್, ಅಂದರೆ ಒಮ್ಮೆ ಮಾತ್ರ ಬಳಸುವ ಸಂಖ್ಯೆ, ಬೇಡುತ್ತದೆ. ಊಹಿಸಲಾಗದ ಸಂಖ್ಯೆ ಕೊಡುವ ಜಾವಾದ ಸೆಕ್ಯೂರ್‌ರ‍್ಯಾಂಡಮ್‌ನಿಂದ 12 ಬೈಟ್ ಪಡೆದು ಗೂಢಪಠ್ಯದ ಮುಂದೆಯೇ ಅಂಟಿಸಿದೆ. ಅದು ಗುಟ್ಟಲ್ಲ, ಆದರೆ ಅದೇ ಕೀಲಿಯೊಂದಿಗೆ ಮರುಬಳಕೆ ಆಗಕೂಡದು. ಅದೇ ಸೈಫರ್ ಆಬ್ಜೆಕ್ಟಿಗೆ ಅದೇ ನಾನ್ಸನ್ನು ಬೆನ್ನುಬೆನ್ನಿಗೆ ಕೊಟ್ಟರೆ ಜಾವಾ ನಿರಾಕರಿಸುತ್ತದೆ. ಹೊಸ ಆಬ್ಜೆಕ್ಟ್ ಸೃಷ್ಟಿಸಿದರೆ ಅದಕ್ಕೆ ಹಳೆಯದರ ನೆನಪಿಲ್ಲ.

ಆಗ ಹುಡುಕಾಟ ಕೆಟ್ಟಿತು. ಒಂದೇ ಸಂಖ್ಯೆಗೆ ಪ್ರತಿ ಸಲ ಬೇರೆ ಗೂಢಪಠ್ಯ ಬಂದರೆ ‘ಈ ಸಂಖ್ಯೆಯ ಗ್ರಾಹಕ ಯಾರು’ ಎಂದು ಡೇಟಾಬೇಸನ್ನು ಕೇಳುವುದು ಹೇಗೆ? ಎಸ್‌ಎಚ್‌ಎ-256 ಹ್ಯಾಶಿನ (ಕೀಲಿಯಿಲ್ಲದೆ, ಒಂದೇ ಸಂಖ್ಯೆಗೆ ಯಾವಾಗಲೂ ಒಂದೇ ಬೆರಳಚ್ಚಿನಂಥ ಉತ್ತರ ಕೊಡುವ ಲೆಕ್ಕ) ಕಾಲಮ್ ಸೇರಿಸೋಣ ಎಂದು ಸಹೋದ್ಯೋಗಿ ಹೇಳಿದರು. ಆದರೆ ಹತ್ತು ಹನ್ನೆರಡು ಅಂಕಿಗಳ ಸಂಖ್ಯೆಯಾದರೆ ಸಾಧ್ಯವಿರುವುದನ್ನೆಲ್ಲ ಹ್ಯಾಶ್ ಮಾಡಿ ಹೋಲಿಸುವುದು ಕಂಪ್ಯೂಟರಿಗೆ ಕಷ್ಟವಲ್ಲ. ಆದ್ದರಿಂದ ಪ್ರತ್ಯೇಕ ಕೀಲಿಯ ಎಚ್‌ಮ್ಯಾಕ್, ಅಂದರೆ ಕೀಲಿ ಇದ್ದವರಷ್ಟೇ ಮಾಡಬಲ್ಲ ಹ್ಯಾಶ್, ಬಳಸಿದೆ. ಯಾವ ಎರಡು ಸಾಲುಗಳು ಒಂದೇ ಎಂಬುದು ಇಲ್ಲಿಯೂ ಕಾಣುತ್ತದೆ. ಹುಡುಕಾಟಕ್ಕಾಗಿ ತಿಳಿದೇ ತೆತ್ತ ಬೆಲೆ ಅದು.

ಹಳೆಯ ಸರ್ವರೊಂದು 256 ಬಿಟ್ ಕೀಲಿಯನ್ನೇ ಒಪ್ಪಲಿಲ್ಲ. 2018ರ ಜನವರಿಯ ಅಪ್‌ಡೇಟಿಗಿಂತ ಹಿಂದಿನ ಜಾವಾ 8ರಲ್ಲಿ ಮಿತಿ 128 ಬಿಟ್. ಅಪ್‌ಡೇಟ್ ಹಾಕಿದೆ, ಸರಿಹೋಯಿತು.

ಕೋಡಿನಲ್ಲಿಯೇ ಬರೆದಿಟ್ಟಿದ್ದ ಕೀಲಿಯನ್ನು ಹೊರತೆಗೆದದ್ದು ಕೊನೆಗೆ. ಕೋಡಿನ ಹಳೆಯ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಇತಿಹಾಸದಲ್ಲಿ ಅದು ಉಳಿದೇ ಇರುವುದರಿಂದ ಹೊಸ ಕೀಲಿ ಸೃಷ್ಟಿಸಿ, ಎಲ್ಲ ಸಾಲುಗಳನ್ನೂ ರಾತ್ರಿಯಿಡೀ ಮತ್ತೆ ಎನ್‌ಕ್ರಿಪ್ಟ್ ಮಾಡಿದೆ. ಈ ಸಲ ಪ್ರತಿಯೊಂದರ ಮೊದಲ ಬೈಟಿನಲ್ಲಿ ಕೀಲಿಯ ಆವೃತ್ತಿಯ ಸಂಖ್ಯೆ ಇದೆ.