ಹಬ್ಬ ನೋಡಿಕೊಂಡು ಕೈಗೆಲಸ

ಶಿವರಾತ್ರಿ ಕಳೆದು ಬೆಂಗಳೂರಿನ ಬಿಸಿಲು ಬಲಿಯಿತೆಂದರೆ ನಮ್ಮ ಮನೆಯಲ್ಲಿ ಹಳೇ ಪೇಪರ್ ಬಕೆಟ್ಟಿಗೆ ಬೀಳುತ್ತದೆ. ಮೆಂತ್ಯದ ಬುಟ್ಟಿ ಮಾಡುವ ಕಾಲ ಇದು. ನಮ್ಮಜ್ಜಿ ಮಾಡುತ್ತಿದ್ದರು, ಅಮ್ಮನೂ ಮಾಡುತ್ತಿದ್ದರು. ರದ್ದಿ ಕಾಗದ, ಎರಡು ಹಿಡಿ ಮೆಂತ್ಯ, ಒಳ್ಳೆ ಬಿಸಿಲು, ಬಂಡವಾಳ ಇಷ್ಟೇ.

ವಯಸ್ಸಾದವರು "ಹೊತ್ತೇ ಹೋಗಲ್ಲ ಕಣಪ್ಪ" ಅಂದಾಗ ಮಕ್ಕಳು ದುಡ್ಡು ಕೊಟ್ಟು ಬಣ್ಣದ ಡಬ್ಬಿ, ಕಸೂತಿ ಕಿಟ್ ತರಿಸಿಕೊಡುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಆದರೆ ಬೆಲೆ ಕೊಟ್ಟು ತಂದದ್ದು ಕೆಟ್ಟುಹೋದರೆ ಎಂಬ ಅಳುಕು ನಮ್ಮ ವಯಸ್ಸಿನವರಿಗೆ ಬಿಡುವುದಿಲ್ಲ; ಕಿಟ್ ಬೀರುವಿನಲ್ಲೇ ಉಳಿಯುತ್ತದೆ. ರದ್ದಿ ಕಾಗದಕ್ಕೆ ಆ ಭಯವಿಲ್ಲ. ಕೆಟ್ಟರೆ ಮತ್ತೆ ನೆನೆಹಾಕಿದರಾಯಿತು.

ಬುಟ್ಟಿಗೆ ದಿನಪತ್ರಿಕೆಯ ಕಾಗದವೇ ಆಗಬೇಕು. ಮಿರಮಿರ ಮಿಂಚುವ ಮ್ಯಾಗಜೀನ್ ಹಾಳೆ ಸರಿಯಾಗಿ ನೆನೆಯುವುದಿಲ್ಲ. ಅರ್ಧ ಕೆಜಿ ಪೇಪರನ್ನು ಸಣ್ಣದಾಗಿ ಹರಿದು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. ಇಲ್ಲದಿದ್ದರೆ ವಾಸನೆ ಬರುತ್ತದೆ. ಕೊನೆಯ ರಾತ್ರಿ ಎರಡು ಹಿಡಿ ಮೆಂತ್ಯ ಬೇರೆ ನೆನೆಸಿಡಿ. ಬೆಳಿಗ್ಗೆ ಮೆಂತ್ಯವನ್ನು ನುಣ್ಣಗೆ ರುಬ್ಬಿಕೊಂಡು, ಆಮೇಲೆ ಕಾಗದವನ್ನು ಸ್ವಲ್ಪ ಸ್ವಲ್ಪವೇ ರುಬ್ಬಿ. ಅಮ್ಮ ಒರಳಲ್ಲಿ ರುಬ್ಬುತ್ತಿದ್ದರು, ನನ್ನ ಭುಜಕ್ಕೆ ಈಗ ಅದು ಆಗದು. ಮಿಕ್ಸಿಯಲ್ಲಿ ಮಾಡುವುದಾದರೆ ಹಳೇ ಜಾರ್ ಒಂದನ್ನು ಇದಕ್ಕೇ ಎತ್ತಿಡಿ. ಒಂದು ಹಿಡಿ ಕಾಗದಕ್ಕೆ ಧಾರಾಳವಾಗಿ ನೀರು ಹಾಕಿ, ಹತ್ತು ಸೆಕೆಂಡು ತಿರುಗಿಸಿ ನಿಲ್ಲಿಸಿ. ಒಮ್ಮೆಗೇ ತುಂಬಿದರೆ ಮೋಟಾರು ಬಿಸಿಯಾಗಿ ಸುಡುತ್ತದೆ.

ರುಬ್ಬಿದ ಕಾಗದವನ್ನು ಬಟ್ಟೆಯಲ್ಲಿ ಹಿಂಡಿ, ಮೆಂತ್ಯದ ಜೊತೆ ಚಪಾತಿ ಹಿಟ್ಟಿನ ಹಾಗೆ ನಾದಿ. ಮೆಂತ್ಯದ ಲೋಳೆಯೇ ಅಂಟು. ಪಾತ್ರೆಯೊಂದನ್ನು ಬೋರಲು ಹಾಕಿ, ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ, ಅಕ್ಕಿರೊಟ್ಟಿ ತಟ್ಟುವ ಹಾಗೆ ತಟ್ಟುತ್ತಾ ಬನ್ನಿ. ಸುಮಾರು ಕಿರುಬೆರಳಿನ ಅರ್ಧದಷ್ಟು ದಪ್ಪ ಇರಲಿ, ಅಂಚು ಇನ್ನೂ ಸ್ವಲ್ಪ ದಪ್ಪ. ಪೂರ್ತಿ ಒಣಗುವವರೆಗೆ ಪಾತ್ರೆಯ ಮೇಲೇ ಬಿಟ್ಟರೆ ಕುಗ್ಗಿ ಬಿರುಕು ಬಿಡುತ್ತದೆ. ಮುಕ್ಕಾಲು ಭಾಗ ಒಣಗಿದಾಗ ಮೆಲ್ಲಗೆ ಬಿಡಿಸಿ, ಒಳಮೈ ಬಿಸಿಲಿಗೆ ಕಾಣುವಂತೆ ಇಡಿ. ನಾಲ್ಕೈದು ದಿನ ಬೇಕು. ಬೆರಳಲ್ಲಿ ತಟ್ಟಿದರೆ ಒಣ ಸೋರೆಬುರುಡೆ ತಟ್ಟಿದ ಸದ್ದು ಬರಬೇಕು. ಆಮೇಲೆ ಕೆಮ್ಮಣ್ಣು ಬಳಿದು, ಸುಣ್ಣದ ನೀರಲ್ಲಿ ಹಸೆಯ ಎಳೆ ಎಳೆದರೆ ಕಣ್ಣಿಗೆ ಹಬ್ಬ. ಬೆಳ್ಳುಳ್ಳಿ, ಬೀಗದ ಕೈ, ದಾರದುಂಡೆ ಹಾಕಿಡಲು ಚೆನ್ನ. ಪತ್ರಿಕೆಯ ಮಸಿ ಇರುವುದರಿಂದ ತಿನ್ನುವ ಪದಾರ್ಥವನ್ನು ಬಿಡಿಬಿಡಿಯಾಗಿ ಇದರಲ್ಲಿ ಇಡಬೇಡಿ.

ಒಂದು ವರ್ಷ ಆಷಾಢದಲ್ಲಿ ಆತುರಪಟ್ಟು ತಟ್ಟಿದೆ. ಮೋಡ, ಜಿನುಗು ಮಳೆ. ಮೂರನೇ ದಿನ ಒಳಗೆಲ್ಲ ಬೂಷ್ಟು ಹಿಡಿಯಿತು, ಆರು ಬುಟ್ಟಿ ಎಸೆದೆ. ಅಂದಿನಿಂದ ಯಾವ ಕೆಲಸ ಯಾವ ತಿಂಗಳು ಎಂದು ಪಂಚಾಂಗ ನೋಡಿಯೇ ತೀರ್ಮಾನ ಮಾಡುತ್ತೇನೆ. ನಿಮಗೂ ಇದನ್ನೇ ಹೇಳುವುದು: ಮುಂದಿನ ಹಬ್ಬ ಯಾವುದು ನೋಡಿ, ಅದಕ್ಕೆ ಬೇಕಾದದ್ದನ್ನು ಕೈಗೆತ್ತಿಕೊಳ್ಳಿ. ಮಾಡಿದ್ದನ್ನು ಯಾರಿಗೆ ಕೊಡುವುದು ಎಂಬ ಚಿಂತೆ ಇರುವುದಿಲ್ಲ, ತಾರೀಖೂ ಇರುತ್ತದೆ.

ಆಷಾಢದ ಮಳೆಯಲ್ಲಿ ಒಳಗೆ ಕೂತು ಮಾಡಲು ಗೆಜ್ಜೆವಸ್ತ್ರ, ಹೂಬತ್ತಿಗಿಂತ ಒಳ್ಳೆಯದಿಲ್ಲ. ಗೌರಿ ಹಬ್ಬಕ್ಕೆ 16 ಎಳೆಯ ಗೆಜ್ಜೆವಸ್ತ್ರ ಬೇಕು, ಕಾರ್ತಿಕಕ್ಕೆ ದೀಪದ ಬತ್ತಿ ಎಷ್ಟಿದ್ದರೂ ಸಾಲದು. ಲಕ್ಷ ಬತ್ತಿಯ ಹರಕೆ ಹೊತ್ತವರು ಅಕ್ಕಪಕ್ಕದಲ್ಲಿದ್ದರಂತೂ ನೀವು ಮಾಡಿದ್ದೆಲ್ಲ ಖರ್ಚಾಗುತ್ತದೆ. ಹತ್ತಿಯಲ್ಲಿ ಬೀಜ, ಕಸ ಇಲ್ಲದಂತೆ ಬಿಡಿಸಿಕೊಂಡು, ಬೆರಳ ತುದಿಗೆ ಚೂರು ವಿಭೂತಿ ಸವರಿಕೊಂಡು ಹೊಸೆಯಿರಿ. ಬೆರಳು ಜಾರುವುದಿಲ್ಲ, ತುದಿ ಗಟ್ಟಿಯಾಗಿ ನಿಲ್ಲುತ್ತದೆ. ಹಾಲು ಹಚ್ಚಿ ಹೊಸೆಯುವವರಿದ್ದಾರೆ, ಆದರೆ ಮಳೆಗಾಲದಲ್ಲಿ ಡಬ್ಬಿಗೆ ಹಾಕಿಟ್ಟರೆ ಅದಕ್ಕೆ ಹುಳಿ ವಾಸನೆ ಬರುತ್ತದೆ. ಬೆಳಗಿನ ಹೊತ್ತು ಗಂಟು ಬಿಗಿದುಕೊಳ್ಳುವ ಬೆರಳುಗಳಿಗೆ ಈ ಹೊಸೆತ ಹಗುರವಾದ ಕೆಲಸ. ಇಪ್ಪತ್ತು ನಿಮಿಷ ಮಾಡಿ, ಎದ್ದು ಓಡಾಡಿ, ಮತ್ತೆ ಕೂತುಕೊಳ್ಳಿ. ನೋವು ಕಂಡರೆ ಅಂದಿಗೆ ಸಾಕು.

ಹಳೇ ಕಾಟನ್ ಸೀರೆ ಇದ್ದರೆ ಕಾಲೊರಸು ಮಾಡಬಹುದು. ಸೀರೆಯನ್ನು ಉದ್ದಕ್ಕೆ ಎರಡೆರಡು ಇಂಚು ಪಟ್ಟಿಯಾಗಿ ಹರಿದು, ಮೂರು ಪಟ್ಟಿ ಸೇರಿಸಿ ಜಡೆ ಹೆಣೆದು, ಚಕ್ಕುಲಿಯಂತೆ ಸುತ್ತುತ್ತಾ ದಬ್ಬಳದಲ್ಲಿ ಹೊಲಿಯಬೇಕು. ನುಣುಪು ಟೈಲ್ಸ್ ಮೇಲೆ ಹಾಗೇ ಹಾಸಬೇಡಿ, ನಮ್ಮ ವಯಸ್ಸಿಗೆ ಒಂದು ಜಾರು ಸಾಕು ಸೊಂಟ ಮುರಿಯಲು. ಅಡಿಗೆ ರಬ್ಬರ್ ಜಾಲರಿಯ ತುಂಡು ಹೊಲಿದೇ ಹಾಸಿ.

ಸೂಜಿ ಪೋಣಿಸುವುದು ಕಷ್ಟ ಎಂದು ಹೊಲಿಗೆ ಬಿಟ್ಟವರು ಎಷ್ಟೋ ಜನ. ನಮ್ಮ ಮನೆಯಲ್ಲಿ ಮೊಮ್ಮಗಳು ಸ್ಕೂಲಿಗೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಹೋಗುತ್ತಾಳೆ. ಅವುಗಳನ್ನು ಚುಚ್ಚಿಡಲು ತೆಂಗಿನ ಚಿಪ್ಪಿನಲ್ಲಿ ಬಟ್ಟೆಯ ಮೆತ್ತೆ ಕೂರಿಸಿದ್ದೇನೆ. ಮೆತ್ತೆಯೊಳಗೆ ಚೆನ್ನಾಗಿ ಒಣಗಿಸಿದ ಫಿಲ್ಟರ್ ಕಾಫಿಯ ಗಷ್ಟು ತುಂಬಿದೆ. ಸಂಜೆ ಅವಳು ಬಂದ ಮೇಲೆ ಹತ್ತೂ ಸೂಜಿ ಇವೆಯೇ ಎಂದು ಎಣಿಸುತ್ತೇವೆ. ಬರಿಗಾಲಲ್ಲಿ ಓಡಾಡುವ ಮಗು ಇರುವ ಮನೆಯಲ್ಲಿ ಈ ಎಣಿಕೆ ತಪ್ಪಬಾರದು.

ಗಂಡಸರಿಗೆ ಏನಿದೆ ಎಂದು ಕೇಳುತ್ತಾರೆ. ಮೇಲಿನ ಮನೆಯ ರಾಯರು ಹೆಂಡತಿ ಹೋದ ಮೇಲೆ ಬಾಲ್ಕನಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. "ರಾಯರೇ, ಈ ಲಗ್ನಪತ್ರಿಕೆಗಳನ್ನು ಅಳತೆ ಮಾಡಿ ಕತ್ತರಿಸಿ ಕೊಡ್ತೀರಾ?" ಎಂದೆ. "ನನಗೆ ಸೂಜಿ ಗೀಜಿ ಬರಲ್ಲಮ್ಮ," ಅಂದರು. "ಸೂಜಿ ಬೇಡ, ಸ್ಕೇಲು ಸಾಕು," ಅಂದೆ. ಲಗ್ನಪತ್ರಿಕೆಯ ಮೇಲಿನ ಗಣಪತಿಯನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲವಲ್ಲ, ಅದಕ್ಕೇ ಎಲ್ಲರ ಮನೆಯಲ್ಲೂ ಕಟ್ಟುಕಟ್ಟು ಬಿದ್ದಿರುತ್ತವೆ. ರಾಯರು ಆ ಗಣಪತಿಗಳನ್ನು ಬಿಡಿಸಿ ನವರಾತ್ರಿಯ ಗೊಂಬೆ ಹಂತಗಳ ಹಿಂದಿನ ರಟ್ಟಿಗೆ ಅಂಟಿಸಿದರು. ಉಳಿದ ದಪ್ಪ ಕಾಗದದಲ್ಲಿ ಮುಯ್ಯಿ ಕವರ್ ಮಾಡಿದರು. ಅಂಟಿಗೆ ಮೈದಾ ಗಂಜಿ, ಹುಳ ಬೀಳದಂತೆ ಅದರಲ್ಲಿ ಚಿಟಿಕೆ ಮೈಲುತುತ್ತ ಹಾಕುವ ಹಳೇ ಪದ್ಧತಿಯನ್ನು ಮಾತ್ರ ನಾನು ಬೇಡವೆಂದೆ. ಅದು ವಿಷ, ಮಕ್ಕಳಿರುವ ಮನೆ. ಬೇಕಾದಷ್ಟೇ ಗಂಜಿ ಅವತ್ತವತ್ತೇ ಕಾಯಿಸಿಕೊಂಡರಾಯಿತು. ಈಗ ಬೀದಿಯವರೆಲ್ಲ ಪತ್ರಿಕೆಗಳನ್ನು ಅವರ ಬಾಗಿಲಿಗೇ ತಂದುಕೊಡುತ್ತಾರೆ, ತಂದವರು ಹತ್ತು ನಿಮಿಷ ಕೂತು ಮಾತಾಡಿ ಹೋಗುತ್ತಾರೆ.

ಇಂದಿಗೆ ಕಾಗದ ನೆನೆಹಾಕಿ ಎರಡು ದಿನವಾಯಿತು. ಸಂಜೆ ನೀರು ಬದಲಿಸಬೇಕು, ನಾಳೆ ರಾತ್ರಿ ಮೆಂತ್ಯ ನೆನೆಸಬೇಕು. ರಾಯರು ತಮಗೂ ಒಂದು ಬುಟ್ಟಿ ತಟ್ಟುವುದನ್ನು ಹೇಳಿಕೊಡಿ ಎಂದಿದ್ದಾರೆ, ಅದಕ್ಕೆ ಈ ಸಲ ಒಂದು ಹಿಡಿ ಹೆಚ್ಚೇ ನೆನೆಸುತ್ತೇನೆ.