ಗಾರ್ಡನ್‌ಗೆ ಜಿಯೋಡ್ ಹುಡುಕೋರು ಇದನ್ನೊಮ್ಮೆ ಓದ್ರಿ

ಒಳಗ ಹರಳು ತುಂಬಿರೋ ಪೊಳ್ಳು ಕಲ್ಲು ಎಲ್ಲಿ ಸಿಗ್ತಾವ ಅಂತ ಭಾಳ ಮಂದಿ ಕೇಳಾಕತ್ತೀರಿ. ನಮ್ಮ ಧಾರವಾಡ, ಗದಗ ಕಡೆ ತಿರಗಿ ಕಾಲು ನೋಯಿಸ್ಕೋಬ್ಯಾಡ್ರಿ, ಇಲ್ಲಿ ಬಿಳೇ ಬೆಣಚುಕಲ್ಲು ಬೇಕಾದಷ್ಟು ಅದಾವ, ಆದ್ರ ಜಿಯೋಡ್ ಬೇಕಂದ್ರ ಲಾವಾದ ಕರಿಕಲ್ಲು ಇರೋ ಸೀಮಿಗೆ, ಅಂದ್ರ ವಿಜಯಪುರ ದಾಟಿ ಮಹಾರಾಷ್ಟ್ರದ ಔರಂಗಾಬಾದ (ಈಗಿನ ಛತ್ರಪತಿ ಸಂಭಾಜಿನಗರ), ಜಳಗಾಂವ ಕಡೆ ಹೋಗ್ಬೇಕು. ಸುಮಾರು 6.6 ಕೋಟಿ ವರ್ಷದ ಹಿಂದ ಲಾವಾ ಆರುವಾಗ ಉಳಿದ ಗಾಳಿಗುಳ್ಳಿಯೊಳಗ ನೀರು ಇಳಿದು ಇಳಿದು ಹರಳು ಕಟ್ಟೈತಿ. ಕಪ್ಪತಗುಡ್ಡಕ್ಕ ಹೋಗಿ ಕಲ್ಲು ಆರಿಸೋ ವಿಚಾರ ಮಾತ್ರ ಬಿಡ್ರಿ, ಅದು ವನ್ಯಜೀವಿ ಧಾಮ. ಹೊಲದಾಗ ಕಂಡ್ರೂ ಮಾಲಕರ್ನ ಕೇಳೇ ತಗೋರಿ.

ಹೊರಗ ನೋಡಿದ್ರ ಮಬ್ಬು ಆಲೂಗಡ್ಡಿ ಇದ್ದಂಗ ಇರ್ತೈತಿ, ಕೈಯಾಗ ಎತ್ತಿದ್ರ ಗಾತ್ರಕ್ಕಿಂತ ಹಗುರ ಅನಸ್ತೈತಿ. ನಾ ಮೊದಲನೇದ್ದು ಸಿಕ್ಕಿದ್ದ ಖುಷಿಗೆ ಸುತ್ತಿಗಿಲೆ ಒಂದೇ ಏಟು ಹಾಕಿದೆ ನೋಡ್ರಿ, ಹರಳೆಲ್ಲಾ ರವಾ ಆತು! ಕನ್ನಡಕ ಹಾಕ್ಕೊಂಡು, ನಡುವಿಗೆ ಚಾಣದಿಂದ ಸುತ್ತಲೂ ಗೀರು ಹಾಕ್ಕೋತ ಸಣ್ಣಗ ಬಡದ್ರ ಎರಡು ಹೋಳಾಗಿ ಬಿಚ್ಕೋತೈತಿ. ತೊಳ್ಯಾಕ ಸಾಬೂನು ನೀರು, ಹಳೇ ಟೂತ್‌ಬ್ರಷ್ ಸಾಕು, ಬಾತ್‌ರೂಮ್ ಆಸಿಡ್ ಹಾಕಿದ್ರ ಕೆಲವು ಹರಳು ಕೆಡ್ತಾವ.

ಎರಿ ಮಣ್ಣಿದ್ದೋರು ಕೆಳಗ ಖಡಿ ಹಾಸ್ರಿ, ಇಲ್ಲಾಂದ್ರ ಮಳಿಗಾಲಕ್ಕ ಕಲ್ಲು ಹೂತು ಹೊಕ್ಕೈತಿ. ಬಾಯಿ ಮ್ಯಾಲ ಮಾಡಿ ಇಟ್ರ ನೀರು ನಿಂತು ಸೊಳ್ಳಿ ಆಗ್ತಾವ, ಸ್ವಲ್ಪ ಮುಂದಕ್ಕ ವಾಲಿಸಿ ಇಡ್ರಿ. ನೇರಳೆ ಹರಳಿಂದು ಬಿಸಿಲಿಗೆ ಬಣ್ಣ ಬಿಡ್ತೈತಿ, ಅದನ್ನ ಗಿಡದ ನೆರಳಿಗೆ ಇಡ್ರಿ, ನಮ್ಮನಿದು ತುಳಸಿಕಟ್ಟಿ ಹಿಂದ ಐತಿ.