ಗೋಂದು ಹಚ್ಚಿ ಉಳಿಸಿಕೊಂಡ ‘ಡಾರ್ಕ್ ಸೈಡ್ ಆಫ್ ದ ಮೂನ್’: ನನ್ನ ಅನುಭವ

ರೆಕಾರ್ಡ್ ಪ್ಲೇಟಿನ ಮೇಲೆ ಮುಳ್ಳು ಇಳಿಸಿದೆ. ಮೊದಲ ಕೆಲವು ಸೆಕೆಂಡು ಏನೂ ಕೇಳಿಸಲಿಲ್ಲ. ಆಮೇಲೆ ಪಕ್ಕದ ಕೋಣೆಯಿಂದ ಬಂದ ಹಾಗೆ ಆ ಎದೆಬಡಿತ ಶುರುವಾಯಿತು. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಈ ಆಲ್ಬಂ ಕೇಳಿದವರಿಗೆ ಗೊತ್ತು, ಆ ಬಡಿತ ಏನೂ ಇಲ್ಲದ ಕಡೆಯಿಂದ ಮೆಲ್ಲಗೆ ಎದ್ದು ಬರಬೇಕು. ನನ್ನ ಪ್ಲೇಟಿನಲ್ಲಿ ಇಷ್ಟು ವರ್ಷ ಅದು ಒಗ್ಗರಣೆ ಸೌಟಿನಿಂದ ಎದ್ದು ಬರುತ್ತಿತ್ತು, ಸಾಸಿವೆ ಚಟಪಟ ಸಿಡಿಯುವುದರ ಮಧ್ಯೆ ಎಲ್ಲೋ ಒಂದು ಧಬ್ ಧಬ್. ಈಗ ಸಾಸಿವೆ ಇಲ್ಲ. ಗೋಂದು ಹಚ್ಚಿದೆ, ಒಣಗಿಸಿದೆ, ಸಿಪ್ಪೆ ತೆಗೆದೆ, ಅಷ್ಟೇ. ಆಗಲ್ಲ ಅಂದವರು ಕಡಿಮೆ ಅಂದರೂ ನಾಲ್ಕು ಜನ.

ಪ್ಲೇಟು ನನ್ನ ಕೈಗೆ ಬಂದು ಹತ್ತು ಹನ್ನೊಂದು ವರ್ಷ ಆಗಿರಬೇಕು. ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ 1,100 ಕೊಟ್ಟೆನೋ 1,200 ಕೊಟ್ಟೆನೋ, ನೆನಪಿಲ್ಲ. ಕಲ್ಕತ್ತದ ಡಂ ಡಂ ಕಾರ್ಖಾನೆಯಲ್ಲಿ ಒತ್ತಿದ ನಮ್ಮ ದೇಶದ ಪ್ರತಿ. ಮಲೆನಾಡಿನ ಯಾರದೋ ಮನೆಯ ಅಟ್ಟದಲ್ಲಿತ್ತಂತೆ. ಹೊದಿಕೆಯ ಮೇಲಿನ ಆ ತ್ರಿಕೋನ, ಕಾಮನಬಿಲ್ಲು ಎಲ್ಲ ಚೆನ್ನಾಗಿಯೇ ಇದ್ದವು. ಒಳಗಿನ ಪ್ಲೇಟಿನ ಮೇಲೆ ಮಾತ್ರ ಬೂದಿ ಬಣ್ಣದ ಬೂಷ್ಟು, ಎರಡೂ ಕಡೆ. ಮಲೆನಾಡಿನ ಮಳೆಗಾಲ ಅಟ್ಟದ ಮೇಲಿನ ಯಾವುದನ್ನೂ ಬಿಡುವುದಿಲ್ಲ.

ಕೆಲವರು ಕೇಳಿದರು, ಅಷ್ಟು ಕಷ್ಟ ಯಾಕೆ, ಹೊಸ ಪ್ರತಿ ತಗೊಳ್ಳಬಹುದಲ್ವಾ ಅಂತ. ತಗೊಳ್ಳಬಹುದು. 2003ರಲ್ಲಿ ಬಂದ ಎಸ್ಎಸಿಡಿ (ಮಾಮೂಲಿಗಿಂತ ಉತ್ತಮ ಧ್ವನಿಯ ಸಿಡಿ) ನನ್ನ ಹತ್ತಿರ ಇದೆ, ಅದೂ ಇಷ್ಟವೇ. ಆದರೆ ಹಾಸ್ಟೆಲಿನಲ್ಲಿದ್ದಾಗ ಕ್ಯಾಸೆಟ್ಟಿನಲ್ಲಿ ಇದನ್ನು ಕೇಳಿ ಕೇಳಿ ಟೇಪು ಸವೆಸಿದವನು ನಾನು. 2002ರಲ್ಲಿ, ಹಿಂದೆ ಈ ತಂಡದಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಎರಡು ಗಂಟೆ ಮೊದಲೇ ಹೋಗಿ ನಿಂತಿದ್ದೆ. ನಮ್ಮ ದೇಶದಲ್ಲೇ ಒತ್ತಿದ ಪ್ರತಿ ಕೈಯಲ್ಲಿದೆ, ಅದನ್ನು ಬೂಷ್ಟಿಗೆ ಬಿಟ್ಟು ಕೂರುವುದು ನನ್ನಿಂದ ಆಗಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಾರ್ಬನ್ ಬ್ರಶ್ಶು, 900 ರೂಪಾಯಿ. ಸೋಪಿನ ನೀರು, ಬಟ್ಟೆ. ಹೊರದೇಶದಿಂದ ತರಿಸಿದ ಒಂದು ಸಣ್ಣ ಬಾಟಲಿ ದ್ರಾವಣ, 1,600 ಹತ್ತಿರ. ಮೇಲಿನ ಬೂಷ್ಟು ಹೋಯಿತು, ಕಣ್ಣಿಗೆ ಪ್ಲೇಟು ಹೊಳೆಯಿತು. ಆದರೆ ಕಿವಿಗೆ ಏನೂ ಬದಲಾಗಲಿಲ್ಲ. ಕೊಳೆ ಇದ್ದದ್ದು ಮುಳ್ಳು ಓಡುವ ಗೆರೆಯ ತಳದಲ್ಲಿ, ಬಟ್ಟೆ ಅಲ್ಲಿಗೆ ಇಳಿಯುವುದೇ ಇಲ್ಲ. ಆಮೇಲೆ ರೆಕಾರ್ಡು ತೊಳೆಯುವ ಮೆಷಿನ್ ಇಟ್ಟುಕೊಂಡಿದ್ದವರೊಬ್ಬರಿಗೆ 500 ಕೊಟ್ಟು ತೊಳೆಸಿದೆ. ವಾಪಸ್ ಬಂದಾಗ ಎರಡನೇ ಬದಿಯ ಮೇಲೆ ಉಗುರಿನಿಂದ ಎಳೆದ ಹಾಗೆ ಒಂದು ಗೀರು ಬಿದ್ದಿತ್ತು. ಆವತ್ತು ರಾತ್ರಿ ಊಟ ಸೇರಲಿಲ್ಲ. ಒಟ್ಟು ಮೂರು ಸಾವಿರ ಹೋಗಿತ್ತು, ಚಟಪಟ ಹಾಗೇ ಇತ್ತು.

ಬಡಗಿಗಳು ಬಳಸುವ ಬಿಳಿ ಗೋಂದಿನ ವಿಷಯ ಹೊಸದೇನಲ್ಲ, ನೀವೂ ಕೇಳಿರುತ್ತೀರಿ. ಗೋಂದು ಗೆರೆಯ ತಳದವರೆಗೆ ಇಳಿದು, ಕೊಳೆಯನ್ನು ಅಪ್ಪಿಕೊಂಡು ಒಣಗುತ್ತದೆ, ಆದರೆ ಪ್ಲೇಟಿನ ವಿನೈಲ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದಿಲ್ಲ. ಗೆಳೆಯನಿಗೆ ಹೇಳಿದಾಗ ಅವನು, “ಲೋ, ಆ ಪ್ಲೇಟನ್ನ ನಂಗೆ ಕೊಟ್ಬಿಡು, ಸಾಯಿಸ್ಬೇಡ” ಅಂದ. ನಲವತ್ತು ವರ್ಷದಿಂದ ರೆಕಾರ್ಡು ಕೂಡಿಡುತ್ತಿರುವ ಹಿರಿಯರೊಬ್ಬರು ಫೋನಿನಲ್ಲಿ, “ಬೇಡಪ್ಪಾ, ಮುಳ್ಳು ಆಮೇಲೆ ಓಡೋದೇ ಇಲ್ಲ” ಅಂದರು. ಅವರ ಮಾತಿಗೆ ಬೆಲೆ ಕೊಟ್ಟು ಮೊದಲು ಕಸದ ಬೆಲೆಯ ಪ್ಲೇಟುಗಳ ಮೇಲೆ ಕೈ ಪಳಗಿಸಿಕೊಂಡೆ. ತಲಾ 50 ರೂಪಾಯಿಯ ಆರು ಪ್ಲೇಟು, ಒಂದು ಕೇಜಿ ಗೋಂದು ಸುಮಾರು 300 ರೂಪಾಯಿ.

ಮೊದಲನೆಯದು ಹಾಳಾಗಿದ್ದು ನೀರು ಬೆರೆಸಿದ್ದರಿಂದ. ತೆಳ್ಳಗಾದರೆ ಚೆನ್ನಾಗಿ ಹರಡುತ್ತದೆ ಅಂದುಕೊಂಡೆ. ಹರಡಿತು ನಿಜ, ಆದರೆ ಒಣಗಿದ ಮೇಲೆ ಈರುಳ್ಳಿ ಪೊರೆಗಿಂತ ತೆಳ್ಳಗಾಗಿ ಚೂರು ಚೂರಾಗಿ ಹರಿಯಿತು. ಮೂರು ರಾತ್ರಿ ಕೂತು ಚೂರು ಕಿತ್ತೆ. ಕೊನೆಗೆ ಹೊಳೆದದ್ದು, ಅದರ ಮೇಲೇ ಮತ್ತೆ ದಪ್ಪಗೆ ಗೋಂದು ಹಚ್ಚಿದರೆ ಹೊಸ ಪದರ ಹಳೆಯ ಚೂರುಗಳನ್ನೂ ಎಳೆದುಕೊಂಡು ಬರುತ್ತದೆ ಅಂತ. ಹಾಗೇ ಆಯಿತು.

ಎರಡನೆಯದು ಜುಲೈ ತಿಂಗಳಲ್ಲಿ. ಹೊರಗೆ ಜಿಟಿಜಿಟಿ ಮಳೆ, ಎರಡು ದಿನವಾದರೂ ಗೋಂದು ಮಧ್ಯದಲ್ಲಿ ಬೆಳ್ಳಗೇ ಇತ್ತು. ಮೂರನೇ ದಿನ ಬಿಸಿಲು ಬಂತು ಅಂತ ಟೆರೇಸಿನ ಮೇಲೆ ಇಟ್ಟೆ. ಒಂದು ಗಂಟೆ ಕೂಡ ಆಗಿರಲಿಲ್ಲ, ಪ್ಲೇಟು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಎರಡು ಗಾಜಿನ ಮಧ್ಯೆ ಇಟ್ಟು, ಮೇಲೆ ಗ್ರೈಂಡರ್ ಕಲ್ಲು ಹೇರಿ ಎರಡು ವಾರ ನೋಡಿದೆ, ನೆಟ್ಟಗಾಗಲಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸ ಬೇಡ. ಬೆಂಗಳೂರಿನಲ್ಲಾದರೆ ಜನವರಿಯಿಂದ ಮಾರ್ಚ್, ಮನೆಯೊಳಗೆ, ಫ್ಯಾನಿನ ಕೆಳಗೆ. ನನಗೆ ಒಂದು ಬದಿಗೆ 18ರಿಂದ 20 ಗಂಟೆ ಹಿಡಿಯುತ್ತದೆ. ಎಲ್ಲೂ ಒಂದು ಚುಕ್ಕೆ ಬಿಳುಪು ಇರಬಾರದು, ಇದ್ದರೆ ಮುಟ್ಟಲೇಬಾರದು.

ಒಂದು ಬದಿಗೆ ಹೆಚ್ಚು ಕಡಿಮೆ 100 ಗ್ರಾಂ ಬೇಕು. ಜಾಸ್ತಿ ಆದರೂ ನಷ್ಟವಿಲ್ಲ, ಕಡಿಮೆಯಾದರೆ ಕೆಟ್ಟಿತು. ಲೇಬಲಿಗೆ ತಾಗದ ಹಾಗೆ ಐಸ್‌ಕ್ರೀಂ ಡಬ್ಬಿಯ ಮುಚ್ಚಳ ಕತ್ತರಿಸಿ ಮುಚ್ಚುತ್ತೇನೆ. ಪ್ಲೇಟನ್ನು ಹಳೆಯ ಟರ್ನ್‌ಟೇಬಲ್ ಮೇಲೆ ತಿರುಗಿಸುತ್ತಾ ಗೆರೆಯ ದಿಕ್ಕಿನಲ್ಲೇ ಹರಡಬೇಕು. ಯಾವ ಗೋಂದು ಅಂತ ಮಾತ್ರ ಹೇಳುವುದಿಲ್ಲ, ಐದು ಬಗೆ ನೋಡಿ ಆರಿಸಿಕೊಂಡದ್ದು. ಅಂಚಿನಿಂದ ಸಿಪ್ಪೆ ಸಲೀಸಾಗಿ ಏಳಲು ಏನು ಮಾಡುತ್ತೇನೆ ಅನ್ನುವುದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ಒಂದಿಡೀ ಬೇಸಿಗೆ ಹೋಗಿದೆ.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಹಳೆಯ ಕನ್ನಡ ಸಿನಿಮಾ ಹಾಡುಗಳ ಎರಡು ಇಪಿಗೆ (ಕೆಲವೇ ಹಾಡುಗಳ ಸಣ್ಣ ಪ್ಲೇಟು) ಹಚ್ಚಿದೆ, ಎರಡೂ ಚೆನ್ನಾಗಿ ಬಂದವು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ಪ್ಲೇಟುಗಳಿಗೆ ಮಾತ್ರ ದಯವಿಟ್ಟು ಹಚ್ಚಬೇಡಿ. ಒಡೆದ ಒಂದು ತುಂಡಿನ ಮೇಲೆ ನೋಡಿದೆ, ಗೋಂದಿನ ಜೊತೆ ಮೇಲ್ಪದರವೇ ಕಿತ್ತು ಬಂತು. ಕಿತ್ತ ಗೋಂದಿನ ಹಾಳೆಯನ್ನೇ ಬಾರಿಸಿದರೆ ಏನು ಕೇಳಿಸುತ್ತದೆ ಅಂತಲೂ ಆಸೆ ಇತ್ತು. ಅದರ ಮೇಲೆ ಗೆರೆಗಳೆಲ್ಲ ಉಬ್ಬಾಗಿ ಅಚ್ಚಾಗಿರುತ್ತವೆ. 4,500 ರೂಪಾಯಿಯ ಮುಳ್ಳಿನ ನೆನಪಾಗಿ ಬಿಟ್ಟೆ.

ಕೊನೆಗೆ ಫೆಬ್ರವರಿಯ ಒಂದು ಶನಿವಾರ ರಾತ್ರಿ ಈ ಪ್ಲೇಟಿನ ಸರದಿ. ಊಟದ ಮೇಜಿನ ಮೇಲೆ ನೋಡಿ ನನ್ನ ಹೆಂಡತಿ, “ಏನ್ರೀ ಇದು, ಪ್ಲೇಟಿಗೆ ಮೊಸರು ಬಳಿದಿದ್ದೀರಾ?” ಅಂದಳು. ಭಾನುವಾರ ಸಂಜೆ ಆರಕ್ಕೆ ಪೂರ್ತಿ ಪಾರದರ್ಶಕವಾಗಿತ್ತು. ಅಂಚು ಎಬ್ಬಿಸಿ, ಎರಡೂ ಹೆಬ್ಬೆರಳಿನಲ್ಲಿ ಹಿಡಿದು ನಿಧಾನಕ್ಕೆ ಎಳೆದೆ. ಚರ್ ಅಂತ ಒಂದೇ ಸಮನೆ ಸದ್ದು, ಬಾಳೆ ಎಲೆ ಸೀಳಿದ ಹಾಗೆ. ಒಂದೇ ತುಂಡಾಗಿ ಬಂತು. ಲೈಟಿಗೆ ಹಿಡಿದರೆ ಹಾಳೆಯ ತುಂಬಾ ಸಣ್ಣ ಬೂದು ಚುಕ್ಕೆಗಳು, ಹೊರ ಅಂಚಿನಲ್ಲಿ ಜಾಸ್ತಿ. ಅಷ್ಟು ವರ್ಷದ ಅಟ್ಟದ ಬೂಷ್ಟು ಅದರಲ್ಲಿ ಕೂತಿತ್ತು.

ಮೊದಲ ಸಲ ಬಾರಿಸಿದಾಗ ಎದೆ ಧಸಕ್ ಅಂತು, ಯಾಕೆಂದರೆ ಚಟಪಟ ಮೊದಲಿಗಿಂತ ಜಾಸ್ತಿ! ಆಮೇಲೆ ಗೊತ್ತಾಯಿತು, ಸಿಪ್ಪೆ ಎಳೆದಾಗ ಹುಟ್ಟಿದ ಸ್ಟ್ಯಾಟಿಕ್ ವಿದ್ಯುತ್ ಅದು, ಕೈ ಹತ್ತಿರ ತಂದರೆ ರೋಮ ಎದ್ದು ನಿಲ್ಲುತ್ತಿತ್ತು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಲೀಟರಿಗೆ 25 ರೂಪಾಯಿ, ಅದರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಇದನ್ನು ಮಾಡದೆ, ಗೋಂದು ಪ್ರಯೋಜನ ಇಲ್ಲ ಅಂದುಬಿಡುವವರೇ ಜಾಸ್ತಿ ಇರಬೇಕು.

ಆಮೇಲೆ ಕೇಳಿದ್ದನ್ನು ಹೇಗೆ ಹೇಳಲಿ. ‘ಟೈಮ್’ ಹಾಡಿನ ಶುರುವಿನ ಗಡಿಯಾರಗಳನ್ನು ಆಲ್ಬಂನ ಸೌಂಡ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರದ ಅಂಗಡಿಯಲ್ಲಿ ಒಂದೊಂದಾಗಿ ರೆಕಾರ್ಡ್ ಮಾಡಿಕೊಂಡಿದ್ದರು. ನನಗೆ ಇಷ್ಟು ದಿನ ಗಡಿಯಾರದ ಟಿಕ್ ಯಾವುದು, ಧೂಳಿನ ಟಿಕ್ ಯಾವುದು ಗೊತ್ತಾಗುತ್ತಿರಲಿಲ್ಲ. ಈಗ ಪ್ರತಿಯೊಂದು ಗಡಿಯಾರಕ್ಕೂ ಅದರದೇ ಜಾಗ ಇದೆ. ಮೊದಲ ಬದಿಯ ಕೊನೆಯಲ್ಲಿ ಕ್ಲೇರ್ ಟೋರಿ ಹಾಡುವುದು ನೋಡಿ, ಒಂದು ಪದವಿಲ್ಲದೆ ಬರೀ ಸ್ವರ. 1973ರ ಜನವರಿಯಲ್ಲಿ 30 ಪೌಂಡಿಗೆ ಬಂದು ಹಾಡಿ ಹೋದ ಹುಡುಗಿ. ಕೊನೆಗೆ ಆಕೆ ದನಿ ತಗ್ಗಿಸುತ್ತಾ ಹೋಗುತ್ತಾಳಲ್ಲ, ಅಲ್ಲಿ ಉಸಿರು ತೆಗೆದುಕೊಳ್ಳುವುದು ಮೊದಲ ಬಾರಿ ನನ್ನ ಪ್ಲೇಟಿನಲ್ಲಿ ಕೇಳಿಸಿತು. ಎದ್ದು ಹೋಗಿ ಅದೇ ಜಾಗಕ್ಕೆ ಮತ್ತೆ ಮುಳ್ಳು ಇಟ್ಟೆ, ಮೂರು ಸಲ.

ಎರಡನೇ ಬದಿ ‘ಮನಿ’ ಹಾಡಿನ ಚಿಲ್ಲರೆ ಸದ್ದಿನಿಂದ ಶುರು. ಟೇಪಿನ ಏಳು ತುಂಡುಗಳನ್ನು ಅಳೆದು ಅಂಟಿಸಿ ಸುತ್ತು ಮಾಡಿದ್ದು ಅದು, ಹಾಡಿನ ಏಳು ಪೆಟ್ಟಿನ ತಾಳಕ್ಕೆ ಸರಿಯಾಗಿ. ಈಗ ಬೆರಳಲ್ಲಿ ಎಣಿಸಬಹುದು. ಕಟ್ಟಕಡೆಗೆ ಎದೆಬಡಿತ ವಾಪಸ್ ಬಂದಾಗ ಅದರ ಹಿಂದೆ, ಆಲ್ಬಂ ರೆಕಾರ್ಡ್ ಆದ ಅಬ್ಬೆ ರೋಡ್ ಸ್ಟುಡಿಯೋದ ದ್ವಾರಪಾಲಕ ಜೆರಿ ಓಡ್ರಿಸ್ಕಾಲ್ ಮಾತಾಡುತ್ತಾರೆ, ಚಂದ್ರನಿಗೆ ಕತ್ತಲೆಯ ಮಗ್ಗುಲು ಅಂತೇನಿಲ್ಲ, ನಿಜ ಹೇಳಬೇಕೆಂದರೆ ಎಲ್ಲವೂ ಕತ್ತಲೆಯೇ ಅಂತ. ಮುಂಚೆ ಅದು ಗೊಣಗಿದ ಹಾಗಿತ್ತು, ಈಗ ಒಂದೊಂದು ಪದವೂ ಬಿಡಿಬಿಡಿ. ಹಿರಿಯರಿಗೆ ಫೋನಿನಲ್ಲೇ ಇದನ್ನು ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, “ಗೋಂದು ಯಾವುದಪ್ಪ?” ಅಂದರು. ಅವರಿಗೊಬ್ಬರಿಗೆ ಹೇಳಿದೆ.

ಆ ಗೀರು ಮಾತ್ರ ಇನ್ನೂ ಇದೆ. ಗೋಂದು ಕೊಳೆ ತೆಗೆಯುತ್ತದೆ, ಗೀರು ಮುಚ್ಚುವುದಿಲ್ಲ. ‘ಅಸ್ ಆ್ಯಂಡ್ ದೆಮ್’ ಹಾಡಿನ ಮಧ್ಯೆ ಡಿಕ್ ಪ್ಯಾರಿ ಸ್ಯಾಕ್ಸೊಫೋನ್ ನುಡಿಸುವಾಗ ಪ್ಲೇಟು ಒಂದು ಸುತ್ತು ಬಂದಾಗಲೆಲ್ಲ, ಅಂದರೆ 1.8 ಸೆಕೆಂಡಿಗೊಮ್ಮೆ, ಟಕ್ ಅನ್ನುತ್ತದೆ. ಎಣಿಸಿದ್ದೇನೆ, ಒಂಬತ್ತು ಸಲ.